ಹೊತ್ತು ಮುಳುಗದ ಊರು

"ಇಲ್ಲೇನೋ ತಪ್ಪಾಗೇತಿ ನೋಡ ಗಾನವಿ," ಎಂದು ತಾರಾ ನಾರ್ವೆ ಪ್ರವಾಸದ ಹಾಳೆಯನ್ನು ಸೊಸೆಯ ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಅರ್ಧ ಬಿಡಿಸಿದ ಮೆಂತ್ಯದ ಸೊಪ್ಪಿತ್ತು. "ಇಪ್ಪತ್ತೆರಡನೇ ತಾರೀಕಿನಿಂದ ಇಪ್ಪತ್ತಾರರ ತನಕ ಹೊತ್ತು ಹುಟ್ಟೂದು, ಮುಳುಗೂದು ಎರಡೂ ಕಡೆ ಬರೇ ಗೀಟು ಹೊಡದೀಯಲ್ಲ. ಟೈಮ್ ಹಾಕೂದು ಮರತಿ ಏನು?"

ಗಾನವಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ನಕ್ಕಳು. "ಮರೆತಿಲ್ಲ ಅತ್ತೆ. ಡಿಸೆಂಬರಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ. ಹತ್ತಿರಹತ್ತಿರ ಎರಡು ತಿಂಗಳು ಹಾಗೇ ಇರುತ್ತಂತೆ. ಅದಕ್ಕೇ ತಾನೆ ಆಕಾಶದಲ್ಲಿ ಆ ಹಸಿರು ಬೆಳಕು ಅಷ್ಟು ಚೆನ್ನಾಗಿ ಕಾಣೋದು."

ತಾರಾ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಮೈಸೂರಿನ ಹುಡುಗಿ ಗಾನವಿ ಯಾವ ಕೆಲಸ ಮಾಡಿದರೂ ಅಚ್ಚುಕಟ್ಟು. ಮೊದಲು ಓಸ್ಲೊ ನಗರದಲ್ಲಿ ಎರಡು ದಿನ. ಅಲ್ಲಿ ಮೂರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಇರಲಿ. ಆಮೇಲೆ ರೈಲಿನಲ್ಲಿ ಬೆಟ್ಟ ದಾಟಿ ಬರ್ಗೆನ್. ಅಲ್ಲಿಂದ ವಿಮಾನದಲ್ಲಿ ಉತ್ತರದ ತುದಿಯ ಟ್ರೋಮ್ಸೊ, ಮತ್ತೆ ಮೂರು ತಾಸು ದಾರಿ ಹೋದರೆ ಕಾಡಿನ ನಡುವೆ ಮರದ ಮನೆ. ನಾಯಿಗಳು ಎಳೆಯುವ ಗಾಡಿ, ಹಿಮಸಾರಂಗ. ಅದರ ಮುಂದೆ ಆ ಗೀಟುಗಳು.

"ಮತ್ತ ನಾ ಊಟ ಯಾವಾಗ ಮಾಡ್ಲಿ?" ಎಂದಳು ತಾರಾ.

ಗಾನವಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು.

ತಾರಾ ಹೊತ್ತು ಮುಳುಗಿದ ಮೇಲೆ ಉಣ್ಣುವುದನ್ನು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಆ ಸಲ ಜೈನ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ಇದೇ ಹೈದರಾಬಾದಿನಲ್ಲಿ ನಡೆದಿತ್ತು. ಹೆಂಗಸರು ಸಾಲಾಗಿ ನಿಂತು ಒಬ್ಬೊಬ್ಬರೇ ನಿಯಮ ತೆಗೆದುಕೊಳ್ಳುತ್ತಿದ್ದರು. ಯಾರೋ ತಿಂಗಳೆಂದರು, ಯಾರೋ ವರ್ಷವೆಂದರು. ತಾರಾಳ ಮುಂದೆ ನಿಂತಿದ್ದ ಪಕ್ಕದ ಮನೆಯ ಗುರುಬಾಯಿ "ಐದು ವರ್ಷ" ಎಂದವಳೇ ಹಿಂದೆ ತಿರುಗಿ ಒಂದು ನೋಟ ನೋಡಿದಳು. ಆ ನೋಟಕ್ಕೆ ತಾರಾ "ಇರೂತನಕ" ಎಂದುಬಿಟ್ಟಳು. ಮನೆ ಮುಟ್ಟುವುದರೊಳಗೆ ಅರ್ಧ ಪಶ್ಚಾತ್ತಾಪವಾಗಿತ್ತು. ಆದರೆ ಮಹಾರಾಜರ ಮುಂದೆ ಆಡಿದ ಮಾತು, ನುಂಗಿಕೊಳ್ಳುವುದಾದರೂ ಹೇಗೆ?

ಅಂದಿನಿಂದ ತಾರ್ನಾಕದ ಆ ಮನೆಯಲ್ಲಿ ನಾಲ್ಕೂವರೆಗೆ ರಾತ್ರಿಯ ಅಡಿಗೆ ಮುಗಿಯುತ್ತಿತ್ತು. ಎದುರು ಮನೆಯ ನೀರಿನ ಟಾಕಿಯ ಮೇಲೆ ಬಿಸಿಲು ಇರುವುದರೊಳಗೆ ತಾರಾ ಒಬ್ಬಳೇ ಕೂತು ಉಂಡು ಏಳುತ್ತಿದ್ದಳು. ಮದುವೆಮನೆಗಳಲ್ಲಿ ಅಡಿಗೆಯವರ ಹಿಂದೆ ನಿಂತು ಎರಡು ತುತ್ತು. ರೈಲಿನಲ್ಲಿ ಕಿಟಕಿಗೆ ಮುಖ ಕೊಟ್ಟು ಡಬ್ಬಿ. ಗಂಡ ಆನಂದಕುಮಾರ ಸಿಕಂದರಾಬಾದಿನ ರೈಲ್ವೆ ಕಚೇರಿಯಿಂದ ಬರುವಾಗ ಏಳು ಗಂಟೆ. ಮಗ ಋಷಭ್ ಮೊದಲು ಟ್ಯೂಷನ್ನು, ಆಮೇಲೆ ಕಾಲೇಜು, ಈಗ ಹೈಟೆಕ್ ಸಿಟಿ. ಅವನ ಕ್ಯಾಬ್ ಮನೆ ಮುಂದೆ ನಿಲ್ಲುವಾಗ ಒಂಬತ್ತು. ಅವರು ಉಣ್ಣುವಾಗ ಅವಳು ಬಡಿಸುತ್ತಾಳೆ. ಅವಳು ಉಣ್ಣುವಾಗ ಗಾನವಿ ಲ್ಯಾಪ್‌ಟಾಪಿನ ಮುಂದೆ, ಜೊತೆಗೆ ಕೂಡುವವರು ಯಾರೂ ಇರುವುದಿಲ್ಲ.

ಅಂದು ರಾತ್ರಿ ಋಷಭ್ ಬಂದು, ವಿಷಯ ಕೇಳಿ, ಹಣೆ ಹಿಡಿದುಕೊಂಡು ಕೂತ.

"ನನಗ ಲಕ್ಷ್ಯಕ್ಕ ಬರಲಿಲ್ಲ ಅವ್ವ. ನೀ ಲಗೂನ ಉಣ್ತಿ ಅನ್ನೂದು ಗೊತ್ತಿತ್ತು. ಅಸಿಡಿಟಿ ಅಂತ ತಿಳ್ಕೊಂಡಿದ್ದೆ."

"ಅಸಿಡಿಟಿ," ಎಂದಳು ತಾರಾ.

"ನೀನರೆ ಯಾವತ್ತಾರ ಬಾಯಿ ಬಿಟ್ಟು ಹೇಳಿಯೇನು?"

"ನಾನೂ ಸುಮ್ಮನಿದ್ದೆ," ಎಂದು ಆನಂದಕುಮಾರ ಪೇಪರಿನ ಹಿಂದಿನಿಂದ ಹೇಳಿದ. "ಪರದೇಶಕ್ಕ ಹೋದಾಗ ಹತ್ತು ದಿನ ಬಿಡ್ತಾಳ, ಅದಕ್ಕೇನಂತ ಅನಕೊಂಡೆ."

ತಾರಾ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಕೇಳದೇ ಹಾಕಿದ ಚಪಾತಿ. ಆನಂದಕುಮಾರ ಬೇಡವೆನ್ನಲಿಲ್ಲ.

ನಾರ್ವೆ ಎಂದವಳು ಅವಳೇ. ಅದೇ ಎದೆಯೊಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಏಪ್ರಿಲ್‌ನಲ್ಲಿ ಋಷಭನಿಗೆ ಬಡ್ತಿ ಸಿಕ್ಕಾಗ "ಈ ಸಲ ಅವ್ವ ಹೇಳಿದಲ್ಲಿ ಹೋಗೂಣು, ದುಬೈ ಅನ್ನು, ಸಿಂಗಾಪುರ ಅನ್ನು" ಎಂದಿದ್ದ. ಅವಳು ತಡಮಾಡದೆ "ನಾರ್ವೆ" ಎಂದಿದ್ದಳು. ಮೂವರೂ ನಕ್ಕಿದ್ದರು. ಚಿಕ್ಕಂದಿನಲ್ಲಿ ನಿಪ್ಪಾಣಿಯ ಶಾಲೆಯಲ್ಲಿ ಆರನೆಯ ತರಗತಿಗೆ ಭೂಗೋಳ ಕಲಿಸುತ್ತಿದ್ದ ಶಿಕ್ಷಕಿ ಹೇಳಿದ್ದರು: ಆ ದೇಶದ ಉತ್ತರದಲ್ಲಿ ಬೇಸಿಗೆ ಬಂತೆಂದರೆ ಸೂರ್ಯ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಾನೆ, ಮುಳುಗುವುದೇ ಇಲ್ಲ. ಅಂದು ಇಡೀ ವರ್ಗ ಬೆರಗಾಗಿತ್ತು. ಆಮೇಲೆ ಎಷ್ಟೋ ಸಂಜೆ ಒಬ್ಬಳೇ ತುತ್ತು ನುಂಗುವಾಗ ತಾರಾಳಿಗೆ ಆ ಪಾಠ ನೆನಪಾಗುತ್ತಿತ್ತು. ಅಂಥ ಊರಲ್ಲಿ ರಾತ್ರಿ ಒಂಬತ್ತಕ್ಕೆ, ಹತ್ತಕ್ಕೆ, ಗಂಡ ಮಗ ಸೊಸೆಯ ಜೊತೆ ಒಂದೇ ಮೇಜಿಗೆ ಕೂತು ಉಣ್ಣಬಹುದು. ಕಿಟಕಿ ನೋಡಬೇಕಿಲ್ಲ. ಇನ್ನೊಂದಿಷ್ಟು ಹಾಕಿಸಿಕೊಳ್ಳಬಹುದು, ಕೈ ಒಣಗುವ ತನಕ ಮಾತಾಡಬಹುದು. ಐವತ್ತೈದರ ಹೆಂಗಸು ಇಂಥದಕ್ಕೆ ಪರದೇಶಕ್ಕೆ ಹೋಗಬೇಕು ಎಂದರೆ ಯಾರಾದರೂ ನಕ್ಕಾರೆಂದು ಕಾರಣ ಹೇಳಿರಲಿಲ್ಲ. ಹೇಳದೇ ಹೋದದ್ದಕ್ಕೆ ಮಗ ಅದೇ ದೇಶ ಹಿಡಿದಿದ್ದ, ವರ್ಷದ ಇನ್ನೊಂದು ತುದಿಯಲ್ಲಿ.

ತಯಾರಿಯಂತೂ ಆಗಿಹೋಗಿತ್ತು. ಹೋದ ವಾರವಷ್ಟೇ ಸುಲ್ತಾನ್ ಬಜಾರಿನಲ್ಲಿ ದಪ್ಪ ಸ್ವೆಟರು ಆರಿಸುವಾಗ ಅಂಗಡಿಯವ "ಕಾಶ್ಮೀರ್ ಜಾರೇ ಕ್ಯಾ ಅಮ್ಮಾ?" ಎಂದಿದ್ದ. "ನಹೀ, ಉಸ್ಕೇ ಭೀ ಊಪರ್," ಅದಕ್ಕೂ ಮೇಲೆ, ಎಂದು ಇವಳು ಬೆರಳೆತ್ತಿ ತೋರಿಸಿದ್ದಳು. ಅವನು ಮೇಲಿನ ಫ್ಯಾನು ನೋಡಿದ್ದ. ಮನೆಗೆ ಬರುವ ತನಕ ಆಟೋದಲ್ಲಿ ತನ್ನಷ್ಟಕ್ಕೆ ನಗುತ್ತಿದ್ದಳು.

ಈಗ ಎಲ್ಲರೂ ಅವಳ ನಿಯಮಕ್ಕೆ ದಾರಿ ಹುಡುಕತೊಡಗಿದರು.

"ಹನ್ನೊಂದರಿಂದ ಒಂದೂವರಿ ತನಕ ನೀಲಿ ಬೆಳಕು ಇರತೈತಂತ," ಎಂದ ಋಷಭ್. "ಅದರಾಗ ಉಂಡುಬಿಡು."

"ಹೊತ್ತ ಹುಟ್ಟಲಾರದ ಬೆಳಕು ಹೆಂಗ ನಡೀತೈತೋ?"

"ಹಂಗಾರ ಹೈದರಾಬಾದಿನ ಟೈಮ್ ಹಿಡಿ. ಇಲ್ಲಿ ಹಗಲಿದ್ದಾಗ ಅಲ್ಲಿ ಉಣ್ಣು."

"ಅಂದ್ರ ಅಲ್ಲಿ ಕತ್ತಲದಾಗ ಕುಂತು, ಇಲ್ಲಿ ನೀರಿನ ಟಾಕಿ ನೆನಸ್ಕೋತ ಉಣಬೇಕು."

"ಅತ್ತೆ, ಹಣ್ಣು ತಿಂದರೆ? ಹಾಲು ಕುಡಿದರೆ?" ಎಂದಳು ಗಾನವಿ. ಪಾಪ, ಅವಳು ಇಂಟರ್ನೆಟ್ಟಿನಲ್ಲಿ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಅವಳ ಮೇಲೆ ಸಿಟ್ಟಾಗುವುದಕ್ಕೂ ತಾರಾಳಿಗೆ ಮನಸ್ಸಾಗಲಿಲ್ಲ.

ಆನಂದಕುಮಾರ ಬಸದಿಯ ಪಂಡಿತರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಪಂಡಿತರು ಎಲ್ಲ ಕೇಳಿಸಿಕೊಂಡರು, ಆ ಊರಿನ ಚಳಿ ಎಷ್ಟೆಂದು ವಿಚಾರಿಸಿದರು.

"ನೋಡ ತಂಗಿ," ಎಂದರು ಕಡೆಗೆ, "ಶಾಸ್ತ್ರದಾಗ ಆ ಊರು ಬರಂಗಿಲ್ಲ."

"ಹಂಗಾರ ಏನ್ ಮಾಡೂದ್ರಿ?" ಎಂದ ಆನಂದಕುಮಾರ.

"ಐದು ದಿನ ಉಪವಾಸ ಮಾಡಲಿ. ಪುಣ್ಯಾನೂ ಬರತೈತಿ."

ಫೋನ್ ಇಟ್ಟು ಆನಂದಕುಮಾರ ಹಗುರಾದ. "ಬಗೀಹರೀತು ನೋಡು. ದಶಲಕ್ಷಣ ಪರ್ವದಾಗ ನೀ ಉಪವಾಸ ಮಾಡಿಯೇ ಮಾಡ್ತಿ. ನಿನಗೇನು ಹೊಸಾದಲ್ಲ."

ತಾರಾ ಮನಸ್ಸಿನಲ್ಲೇ ಆ ಐದು ದಿನ ಕಂಡಳು. ಅಷ್ಟು ದೂರ ಹೋಗಿ, ಹಿಮದ ನಡುವಿನ ಆ ಮರದ ಮನೆಯಲ್ಲಿ, ಇವರು ಮೂವರು ಉಣ್ಣುವುದನ್ನು ನೋಡುತ್ತ ಕೂಡುವುದು. ಅದಕ್ಕೆ ತಾರ್ನಾಕವೇ ಆಗುತ್ತಿತ್ತು.

ಶನಿವಾರ ಮಧ್ಯಾಹ್ನ ಋಷಭ್ ಮನೆಯಲ್ಲಿದ್ದ. ಅವನ ಮುಂದೆ ಚಹಾ ಇಟ್ಟು ಅವಳು ಕೇಳಿದಳು, "ಜೂನದಾಗ ಹೋಗಾಕ ಬರಂಗಿಲ್ಲೇನು?"

"ಜೂನದಾಗ ಆಫೀಸಿನ್ಯಾಗ ಸಾಫ್ಟ್‌ವೇರ್ ರಿಲೀಸ್ ಇರತೈತಿ ಅವ್ವ, ರಜಾ ಅಂದ್ರ ನಗ್ತಾರ. ಡಿಸೆಂಬರ್ ಕಡೀಕ ಕ್ಲೈಂಟ್ ಮಂದಿ ಹಬ್ಬಕ್ಕ ಹೋಗ್ತಾರ, ಆವಾಗಷ್ಟ ನಮಗ ಬಿಡುವು. ಟಿಕೆಟ್ ಬ್ಯಾರೆ ವಾಪಸ್ ಆಗಂಗಿಲ್ಲ." ಅವನ ದನಿ ಏರಿತು. "ಆರು ತಿಂಗಳ ಹಿಡದ ಇದರ ಹಿಂದ ಬಿದ್ದೀನಿ. ಎಲ್ಲಾ ನಿನ್ನ ಸಲವಾಗಿ. ಐದು ದಿನ ಬಿಟ್ಟರ ಏನಾಗತೈತಿ? ಅಲ್ಲಿ ಯಾರು ನೋಡಾವ್ರು ಅದಾರ?"

"ಇಲ್ಲಿ ಯಾರು ನೋಡ್ಯಾರ?" ಎಂದಳು ತಾರಾ.

ಅವಳ ದನಿ ಏರಿರಲಿಲ್ಲ. ಆದರೂ ಋಷಭ್ ಬಾಯಿಯ ತನಕ ಒಯ್ದ ಕಪ್ಪನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಹಂಗಾರ ನಾರ್ವೆ ಅಂತ ಯಾಕ ಅಂದಿ?"

ಈಗ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಬ್ಯಾಸಗ್ಯಾಗ ಅಲ್ಲಿ ಹೊತ್ತು ಮುಳುಗಂಗಿಲ್ಲಂತ. ಒಮ್ಮೆರೆ ನಿಮ್ಮ ಸಂಗಾಟ ಕುಂತು ರಾತ್ರಿ ಊಟ ಮಾಡಬೇಕಂತ ಇತ್ತು."

ಋಷಭ್ ಅವಳನ್ನೇ ನೋಡಿದ. ಫೋನ್ ಕೈಗೆತ್ತಿಕೊಂಡ, ಮತ್ತೆ ಇಟ್ಟ.

"ಕ್ಯಾನ್ಸಲ್ ಮಾಡ್ತೀನಿ."

"ಮಾಡಬ್ಯಾಡ. ಗಾನವಿ ಹಗಲೂ ರಾತ್ರಿ ಕುಂತು ಪಟ್ಟಿ ಮಾಡ್ಯಾಳ. ಅಪ್ಪನ್ನ ಕರಕೊಂಡು ಹೋಗ್ರಿ, ಅವರೂ ಒಮ್ಮೆ ವಿಮಾನ ಕಾಣಲಿ. ನಾ ಬರಂಗಿಲ್ಲ."

ಆನಂದಕುಮಾರ "ನಾನೂ ಉಳೀತೀನಿ" ಎಂದು ಎರಡು ಸಲ ಹೇಳಿದ. ಎರಡನೆಯ ಸಲ ಹೇಳುವಾಗ ಹೊಸ ಬೂಟಿನ ಲೇಸು ಕಟ್ಟಿ ನೋಡುತ್ತಿದ್ದ. ಹೊರಡುವ ದಿನ ಋಷಭ್ ಅವಳ ಫೋನನ್ನು ಕೈಗೆ ತೆಗೆದುಕೊಂಡು ಏನೇನೋ ಒತ್ತಿ ಸರಿಮಾಡಿದ. "ಕಾಡಿನ ಮನಿಗೆ ಮುಟ್ಟಿದ ಮ್ಯಾಲ ದಿನಾ ಇಲ್ಲಿ ಐದಕ್ಕ ವಿಡಿಯೋ ಹಚ್ಚತೀನಿ ಅವ್ವ. ನಮಗ ಆವಾಗ ಮಧ್ಯಾಹ್ನ ಹನ್ನೆರಡೂವರಿ. ನೀ ತಾಟ ಹಾಕ್ಕೊಂಡು ಕುಂಡ್ರು. ಕೂಡೇ ಉಣ್ಣೂಣು."

ಇಪ್ಪತ್ತೆರಡರಂದು ತಾರಾ ಐದಕ್ಕೆ ಐದು ನಿಮಿಷವಿರುವಾಗಲೇ ಫೋನನ್ನು ನೀರಿನ ತಂಬಿಗೆಗೆ ಆನಿಸಿ ಕೂತಳು. ಫೋನ್ ಬರಲಿಲ್ಲ. ದಾರಿಯಲ್ಲಿ ಸಿಗ್ನಲ್ ಇರಲಿಲ್ಲವೆಂದು ಆಮೇಲೆ ಮೆಸೇಜು ಬಂತು. ಮರುದಿನ ಒಂದು ಸಲ ಗಂಟೆ ಬಾರಿಸಿ ನಿಂತಿತು. ಇವಳು ತಿರುಗಿ ಹಚ್ಚಿದರೆ ತೆಲುಗಿನಲ್ಲಿ ಒಬ್ಬಳು ಏನೋ ಹೇಳಿ ಮತ್ತೆ ಅದನ್ನೇ ಹೇಳಿದಳು. ಎರಡೂ ದಿನ ತಾರಾ ಐದೂವರೆಗೆ ಅವಸರದಲ್ಲಿ ಅರ್ಧ ಹೊಟ್ಟೆ ಉಂಡು ಎದ್ದಳು.

ಮೂರನೆಯ ದಿನ ಐದೂ ಇಪ್ಪತ್ತೈದಕ್ಕೆ ಫೋನ್ ಬೆಳಗಿತು.

"ಅವ್ವ, ಕಾಣಾಕತ್ತೇವೇನು?"

ಕಂಡರು. ಮೂವರೂ ಕಂಡರು. ಮರದ ಗೋಡೆ, ಮೇಜಿನ ಮೇಲೆ ಮೇಣದ ಬತ್ತಿ, ಹಿಂದಿನ ಕಿಟಕಿಯಲ್ಲಿ ಕಡುನೀಲಿ. ಆನಂದಕುಮಾರನ ಮೂಗು ಕೆಂಪಾಗಿತ್ತು. "ಏ ತಾರಾ, ಇಲ್ಲಿ ಬಾಯಿ ತೆರದ್ರ ಹಲ್ಲು ಗಡಗಡ ನಡಗತಾವ," ಎಂದ. "ನಿನ್ನ ಶೇಂಗಾ ಚಟ್ನಿ ಒಂದ ನಮ್ಮನ್ನ ಕಾಯಾಕತ್ತೈತಿ."

"ಅತ್ತೆ, ಇಲ್ಲಿ ನೋಡಿ," ಎಂದು ಗಾನವಿ ಫೋನನ್ನು ತುಸು ಬಗ್ಗಿಸಿದಳು. ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. "ಇದು ನಿಮ್ಮದು. ನೀವು ಇಲ್ಲಿ ಕೂತಿದ್ದೀರ."

"ಛಲೋ ಆತು. ಹಂಗಾರ ಬಡಿಸ್ಕೋರಿ, ತಣ್ಣಗಾಗತೈತಿ," ಎಂದಳು ತಾರಾ. ರೊಟ್ಟಿ ಮುರಿದು, ಮೆಂತ್ಯದ ಪಲ್ಯದಲ್ಲಿ ಅದ್ದಿ, ತುತ್ತು ಎತ್ತಿದಳು. "ಎಲ್ಲಾರೂ ಶುರು ಮಾಡ್ರಿ, ನಾನೂ—"

ಚಿತ್ರ ನಿಂತುಹೋಯಿತು. ಆನಂದಕುಮಾರನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ಋಷಭನ ಕಣ್ಣು ಅರ್ಧ ಮುಚ್ಚಿತ್ತು. ಪರದೆಯ ನಡುವೆ ಒಂದು ಬಿಳಿಯ ಬಳೆ ಸುತ್ತತೊಡಗಿತು.

"ಹಲೋ," ಎಂದಳು ತಾರಾ. "ಋಷಭ."

ಈಗ ಬಂದೀತೆಂದು ತುತ್ತನ್ನು ಕೈಯಲ್ಲೇ ಹಿಡಿದಳು. ಬಾಯಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಒಬ್ಬಳೇ ಉಂಡದ್ದು ಇಷ್ಟು ವರ್ಷ ಆಯಿತಲ್ಲ, ಇನ್ನೊಂದು ನಿಮಿಷ ನೋಡೋಣ ಎನಿಸಿತು. ಟಾಕಿಯ ಮೇಲಿನ ಬಿಸಿಲು ಅಂಚಿಗೆ ಸರಿದಿತ್ತು. ಫೋನನ್ನು ಎಡಗೈಯಲ್ಲಿ ಎತ್ತಿ ಕಿಟಕಿಯ ಹತ್ತಿರ ಹಿಡಿದಳು, ಬಾಗಿಲ ಹತ್ತಿರ ಹಿಡಿದಳು. ಬಳೆ ಸುತ್ತುತ್ತಲೇ ಇತ್ತು. ಐದೂ ನಲವತ್ತು. ಇನ್ನೊಂದು ನಿಮಿಷ. ರೊಟ್ಟಿಯ ಚೂರಿನಿಂದ ಪಲ್ಯದ ರಸ ಇಳಿದು ಅಂಗೈಯಲ್ಲಿ ನಿಂತಿತು. ಟಾಕಿ ಬೂದಿಬಣ್ಣಕ್ಕೆ ತಿರುಗಿತು. ಓಣಿಯ ತುದಿಯಲ್ಲಿ ಬೀದಿದೀಪ ಎರಡು ಸಲ ಮಿಣುಕಿ ಹತ್ತಿಕೊಂಡಿತು.

ತಾರಾ ತುತ್ತನ್ನು ತಟ್ಟೆಯಲ್ಲಿ ಇಟ್ಟಳು.

ಕೈ ತೊಳೆದು ಬರುವಷ್ಟರಲ್ಲಿ ಫೋನಿನಿಂದ ಮಾತು ಕೇಳುತ್ತಿತ್ತು. "ಅವ್ವ? ಅವ್ವ, ನೆಟ್‌ವರ್ಕ್ ಹೋಗಿತ್ತು. ಉಂಡೀ?"

ಅವಳು ತಟ್ಟೆಯನ್ನು ಮೊಣಕೈಯಿಂದ ಫೋನಿನ ಕಣ್ಣಿಗೆ ಬೀಳದಷ್ಟು ದೂರ ಸರಿಸಿದಳು.

"ಹೂಂ. ಉಂಡೆ."

"ನಾವೂ ಉಂಡ್ವಿ. ಕೂಡೇ ಉಂಡಂಗ ಆತಲ್ಲ," ಎಂದ ಋಷಭ್. ಅವನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವಿತ್ತು. "ನೀ ಯಾಕ ಕತ್ತಲದಾಗ ಕುಂತಿ? ಲೈಟ್ ಹಾಕು."

"ಹಾಕತೀನಿ."

ಅವನ ಹಿಂದೆ ಗಾನವಿ ಮೇಜು ತೆಗೆಯುತ್ತಿದ್ದಳು. ಆನಂದಕುಮಾರನ ತಟ್ಟೆಯ ಮೇಲೆ ಋಷಭನದು, ಅದರ ಮೇಲೆ ತನ್ನದು ಇಟ್ಟಳು. ಆಮೇಲೆ ಒರೆಸಿದ ಹಾಗೇ ಇದ್ದ ನಾಲ್ಕನೆಯ ತಟ್ಟೆಯನ್ನೂ ಎತ್ತಿ ಎಲ್ಲದರ ಮೇಲೆ ಇಟ್ಟುಕೊಂಡು ಒಳಗೆ ಹೋದಳು.