ಅಕ್ಕನ ಉಗುರಿನ ಕಮಾನು

ಡಾಕ್ಟರಮ್ಮ ಏದುಸಿರು ಬಿಡುತ್ತಿದ್ದ ಅಕ್ಕನ ಬೆರಳಿಗೆ ಕ್ಲಿಪ್ ಸಿಕ್ಕಿಸಿದರು. ಅಂಕಿ ಬರಲಿಲ್ಲ, ಬರೀ ಎರಡು ಗೆರೆ. ಬೆರಳು ಬದಲಾಯಿಸಿದರು. ಮತ್ತೆ ಗೆರೆ.

"ಈ ಉಗುರುಬಣ್ಣ ತೆಗೀಬೇಕು. ಆಕ್ಸಿಜನ್ ಎಷ್ಟಿದೆ ಅಂತ ಗೊತ್ತಾಗ್ತಿಲ್ಲ."

ತಂಗಿ ಚೀಲಕ್ಕೆ ಕೈ ಹಾಕಿದಳು. ರಿಮೂವರ್ ಬಾಟಲಿ, ಹತ್ತಿ ಇಲ್ಲದೆ ಅವಳು ಮನೆಯಿಂದ ಹೊರಬೀಳುವವಳೇ ಅಲ್ಲ. ಪಾರ್ಲರಿನಲ್ಲಿ ಹನ್ನೊಂದು ವರ್ಷದಿಂದ ಉಗುರಿನದೇ ಕೆಲಸ. ಗಿರಾಕಿಗಳು ಇಟ್ಟ ಹೆಸರು ‘ಉಗುರು ಪಂಡಿತೆ’. ಕುರ್ಚಿಯಲ್ಲಿ ಕೂತವರಿಗೆಲ್ಲ ಪುಕ್ಕಟೆ ಪಾಠ. ಬುಡದ ತೆಳು ಪೊರೆ ಕತ್ತರಿಸಬೇಡಿ, ಸೋಂಕು ಒಳಗೆ ಹೋಗದಂತೆ ಕಾಯುವುದೇ ಅದು. ಉಗುರು ಹುಟ್ಟುವುದು ಚರ್ಮದಡಿಯ ಬೇರಿನಲ್ಲಿ, ಆ ಬಿಳಿ ಅರ್ಧಚಂದ್ರ ಬೇರಿನ ತುದಿ. ಕಾಲುಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆದರೆ ಮಾಂಸಕ್ಕೆ ಚುಚ್ಚಿಕೊಳ್ಳುತ್ತದೆ. ಪಾಠಕ್ಕೆ ಕೊನೆಯೇ ಇರುತ್ತಿರಲಿಲ್ಲ.

ಭಾನುವಾರ ಅಕ್ಕನ ಸರದಿ. ಅಮ್ಮ ಹೋದ ಮೇಲೆ ಇವಳನ್ನು ಸಾಕಿದ ಅಕ್ಕ, ಇಸ್ತ್ರಿ ಅಂಗಡಿಯಲ್ಲಿ ನಿಂತೇ ಆಯುಷ್ಯ ಸವೆಸಿದವಳು. ವಾರಕ್ಕೊಮ್ಮೆಯಾದರೂ ಅವಳ ಕೈ ಅರಸಿಯ ಕೈಯಾಗಬೇಕೆಂಬುದು ತಂಗಿಯ ಹಟ. ಉಜ್ಜುವಳು, ಬಣ್ಣ ಹಚ್ಚುವಳು, ಫೋನಿನಲ್ಲಿ ಫೋಟೊ ತೆಗೆಯುವಳು.

ಎಂಟು ತಿಂಗಳ ಹಿಂದೆ ಆ ಉಗುರುಗಳು ಉಬ್ಬತೊಡಗಿದವು, ಬೋರಲು ಹಾಕಿದ ಚಮಚದ ಹಾಗೆ. ಪಂಡಿತೆ ನೋಡಿದ್ದಳು. ನೋಡಿ ಹಿಗ್ಗಿದ್ದಳು!

"ಅಕ್ಕಾ, ಈ ಕಮಾನಿಗೆ ಜನ ನಮ್ಮಲ್ಲಿ ಗಂಟೆಗಟ್ಟಲೆ ಕಾಯ್ತಾರೆ ಕಣೇ. ನಿಂಗೆ ತಾನಾಗೇ ಬಂದಿದೆ!"

"ಮುದುಕಿಯಾಗೋ ಹೊತ್ತಿಗೆ ಸುಂದರಿಯಾದೆ ಬಿಡು," ಎಂದು ನಕ್ಕ ಅಕ್ಕ ಕೆಮ್ಮಿದ್ದಳು. ಉಗುರಡಿ ಸ್ವಲ್ಪ ಮಂಕಾಗಿತ್ತು. ತಂಗಿ ಕಡುಗೆಂಪನ್ನು ಎರಡು ಸಲ ಬಳಿದಳು.

ಈಗ ಆ ಬಣ್ಣ ಹತ್ತಿಗೆ ಬಂತು. ಅಡಿಯಲ್ಲಿ ಉಗುರು ನೀಲಿ. ಕ್ಲಿಪ್ ಹಾಕಿದರೆ ಎಪ್ಪತ್ತೊಂಬತ್ತು. ನರ್ಸ್ ಓಡಿಬಂದು ಅಕ್ಕನ ಮೂಗಿಗೆ ಮಾಸ್ಕ್ ಕಟ್ಟಿದಳು.

ಡಾಕ್ಟರಮ್ಮ ಅಕ್ಕನ ಎರಡೂ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿದರು. ನಡುವೆ ಸಂದೇ ಇಲ್ಲ. ತಂಗಿ ಮೆಲ್ಲಗೆ ತನ್ನವನ್ನೂ ಹಾಗೇ ಹಿಡಿದಳು. ಉಗುರಿನ ಬುಡಗಳ ನಡುವೆ ಪುಟ್ಟ ಕಿಂಡಿ, ಅದರಾಚೆ ಬೆಳಕು.

"ಇದು ಶ್ವಾಸಕೋಶದ ಕಾಯಿಲೆಯ ಗುರುತಿರಬಹುದು. ಯಾವಾಗಿಂದ ಹೀಗಿದೆ? ಸರಿಯಾಗಿ ಹೇಳಿ, ಚಿಕಿತ್ಸೆಗೆ ಬೇಕು."

ಅಕ್ಕ ಮಾಸ್ಕ್ ಸರಿಸಿದಳು. "ಈಗೀಗ... ಒಂದು ತಿಂಗಳಾಯ್ತೇನೋ."

ಅಕ್ಕ ಸುಳ್ಳು ಹೇಳುತ್ತಿದ್ದಳು. ಯಾರ ಮಾನ ಉಳಿಸಲು ಎಂಬುದು ತಂಗಿಗೆ ಗೊತ್ತಿತ್ತು. ಸುಮ್ಮನಿದ್ದರೆ ಪಂಡಿತೆಯ ಮಾನ ಉಳಿಯುತ್ತದೆ, ಅಕ್ಕ ಉಳಿಯದೆ ಹೋದರೆ? ಅವಳಿಗೆ ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡಬೇಕು ಅನ್ನಿಸಿತು. ಫೋನ್ ತೆಗೆದಳು.

"ಎಂಟು ತಿಂಗಳು ಡಾಕ್ಟ್ರೇ. ವಾರವಾರದ ಫೋಟೊ ಇದೆ. ನಾನು ನೋಡಿದ್ದೆ. ಚೆಂದ ಅಂದ್ಕೊಂಡೆ."

ಡಾಕ್ಟರಮ್ಮ ಒಂದೊಂದೇ ಫೋಟೊ ಸರಿಸಿದರು. ವಾರ ಕಳೆದಂತೆ ಉಗುರು ಉಬ್ಬುತ್ತ ಹೋಗಿತ್ತು, ಹಚ್ಚಿದ ಬಣ್ಣ ಗಾಢವಾಗುತ್ತ ಹೋಗಿತ್ತು. "ಆಗಲೇ ಬಂದಿದ್ದರೆ..." ಎಂದವರು ಸ್ಕ್ಯಾನಿಗೆ ಬರೆದುಕೊಟ್ಟು ಹೊರಗೆ ಹೋದರು.

"ಬದುಕ್ತೀಯಲ್ಲಾ ಅಕ್ಕಾ? ಬೈಯೇ ನನ್ನ. ಒಂದು ಸಲ ಬೈದುಬಿಡು."

ಅಕ್ಕ ಬೈಯಲಿಲ್ಲ. ನರ್ಸಿನ ಕಡೆ ತಿರುಗಿ, ಏದುಸಿರಿನಲ್ಲೇ ಅಂದಳು: "ಪಾಪ, ಚಿಕ್ಕವಳು. ಅವಳಿಗೇನು ಗೊತ್ತು, ಉಗುರಿನ ವಿಷಯ."