ಉಣ್ಣೆ ಬಲ್ಲ ಕೈಗಳಿಗೆ ಅನುಮತಿ

ಮನುಷ್ಯರಿಗಿಂತ ಕುರಿಗಳೇ ಹೆಚ್ಚಾಗಿದ್ದ ಒಂದು ಸೀಮೆಯಲ್ಲಿ, ಕಣ್ಣು ಮುಚ್ಚಿಕೊಂಡೇ ಉಣ್ಣೆಯ ದರ್ಜೆ ಹೇಳಬಲ್ಲ ಹೆಂಗಸೊಬ್ಬಳಿದ್ದಳಂತೆ. ಒಂದು ದಿನ ಅವಳ ಬೆರಳುಗಳಿಗೆ ಯಾರೋ ಬೆಂಕಿಯ ಉಂಗುರ ತೊಡಿಸಿಬಿಟ್ಟರಂತೆ. ಅದನ್ನು ಕಳಚುವ ಮದ್ದು ಅರಮನೆಯಲ್ಲಿತ್ತು. ಬಾಗಿಲಿಗೆ ಮಾತ್ರ ಕಾಗದದ ಬೀಗ.

ಅವಳೇ ಆಸ್ಟ್ರೇಲಿಯಾದ ನಮ್ಮ ಡಬ್ಬೋ ಊರಿನ ಥೆಲ್ಮಾ ಕ್ವಿಗ್. ಕಾಯಿಲೆ ಕೀಲುವಾತ. ಸೂಜಿಮದ್ದು ದುಬಾರಿ, ಕೊಡುವುದು ಸರ್ಕಾರ. ಆದರೆ ಇಪ್ಪತ್ತು ಕೀಲಾದರೂ ಊದಿ ನೋಯುತ್ತಿರಬೇಕು, ರಕ್ತಪರೀಕ್ಷೆ ನಾಲ್ಕು ವಾರದೊಳಗಿನದಾಗಿರಬೇಕು.

ಡಾಕ್ಟರ್ ರೊವೀನಾರ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಕಳೆದ ಸಲ ಹನ್ನೆರಡು ಪುಟದ ಅರ್ಜಿಯನ್ನು ಡಾಕ್ಟರ ಪತ್ರದ ಜೊತೆ ಅಂಚೆಗೆ ಹಾಕಿದ್ದೆವು. ಐದು ವಾರದ ಮೇಲೆ ಹಿಂದಿರುಗಿತು. ಅರ್ಜಿಯೊಳಗಿನ ಮನುಷ್ಯನ ಚಿತ್ರ ನಮ್ಮತ್ತ ಮುಖ ಮಾಡಿ ನಿಂತಿರುತ್ತದೆ; ಅದರ ಎಡಗೈ ನಮ್ಮ ಬಲಕ್ಕೆ. ಡಾಕ್ಟರ್ ರೊವೀನಾ ಥೆಲ್ಮಾಳ ಎಡಗೈ ನೋವನ್ನು ಅದರ ಬಲಗೈ ಮೇಲೆ ಗುರುತು ಹಾಕಿದ್ದರು. ಅಷ್ಟರಲ್ಲಿ ರಕ್ತಪರೀಕ್ಷೆಯೂ ಹಳತಾಗಿತ್ತು. "ಉಣ್ಣೆ ಕತ್ತರಿಸೋ ಹೊತ್ತಿಗೆ ನಿನ್ನ ಕೈ ನಿನಗೆ ಕೊಡ್ತೀನಿ" ಎಂದು ರೊವೀನಾ ಮಾತು ಕೊಟ್ಟಿದ್ದರು.

ಉಣ್ಣೆ ಕತ್ತರಿಸಲು ಇನ್ನು ಆರೇ ವಾರ. ಮದ್ದು ಮೈಗೆ ಹಿಡಿಯಲು ಅಷ್ಟಾದರೂ ಬೇಕು. ಹೊಸ ರಕ್ತಪರೀಕ್ಷೆಯ ನಾಲ್ಕು ವಾರವೂ ಇವತ್ತಿಗೆ ಮುಗಿಯುತ್ತದೆ.

"ಈ ಸಲಾನೂ ಪೋಸ್ಟಾ? ಕುರಿ ಕೊರಳಿಗೆ ಕಟ್ಟಿ ಕಳಿಸಿದ್ರೆ ಬೇಗ ಹೋಗುತ್ತೆ, ರೊವೀನಾ" ಎಂದಳು ಥೆಲ್ಮಾ.

"ಪೋಸ್ಟಿಗೆ ರಜಾ ಕೊಟ್ಟಿದೀನಿ ಕಣೇ. ಈಗ ಕಂಪ್ಯೂಟರೇ ಅರ್ಜಿ ಬರಿಯುತ್ತೆ. ನಾನು ಕೀಲು ಒತ್ತುತ್ತೀನಿ, ನೀನು ಕಿರುಚು."

"ಅದರಲ್ಲಿ ನಾನು ಗಟ್ಟಿಗಿತ್ತಿ."

ರೊವೀನಾ ಒಂದೊಂದೇ ಕೀಲು ಒತ್ತಿ ಹೆಸರು ಕೂಗಿದರು. ಥೆಲ್ಮಾಳ ಎದುರು ಕೂತ ನಾನು ಪರದೆಯ ಮೇಲಿನ ಮನುಷ್ಯನ ಚಿತ್ರದಲ್ಲಿ ಆ ಕೀಲುಗಳನ್ನು ಮುಟ್ಟುತ್ತಾ ಹೋದೆ. ಹಳೆಯ ಮದ್ದುಗಳ ಪಟ್ಟಿ, ರಕ್ತದ ವರದಿ, ತಾರೀಖು ಎಲ್ಲವನ್ನೂ ಆ ತಂತ್ರಾಂಶ ತಾನೇ ಹುಡುಕಿ ತುಂಬಿಕೊಂಡಿತು. ಇಪ್ಪತ್ತೆರಡು ಕೀಲು. ಕಳಿಸಲು ಒತ್ತಿದೆ. ಹೋಗಲಿಲ್ಲ. ಪರದೆ ಕೇಳಿತು: ಡಾಕ್ಟರ ಪತ್ರದಲ್ಲಿ ಎಡ ಮಣಿಕಟ್ಟು, ಇಲ್ಲಿ ಬಲ; ಯಾವುದು ಸರಿ?

ನನ್ನ ಕೆನ್ನೆ ಬಿಸಿಯಾಯಿತು. ಅದೇ ತಪ್ಪು, ಈ ಸಲ ನನ್ನದು.

"ನೀನೂ ನನ್ನ ಶಿಷ್ಯೇನೇ ಬಿಡು" ಎಂದು ರೊವೀನಾ ನಕ್ಕರು. "ಥೆಲ್ಮಾ, ನೋಯೋ ಕೈ ಎತ್ತು."

"ಎತ್ತೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ, ತಾಯಿ?" ಎನ್ನುತ್ತಲೇ ಅವಳು ಎಡಗೈಯನ್ನು ಮೇಜಿನ ಮೇಲಿಟ್ಟಳು.

ತಿದ್ದಿದೆ. ಮತ್ತೆ ಒತ್ತಿದೆ. ನಾವು ಮೂವರೂ ಪರದೆಯನ್ನೇ ನೋಡಿದೆವು. ಥೆಲ್ಮಾಳ ಚಹಾ ಆರುವ ಮೊದಲೇ ಅನುಮತಿಯ ಸಂಖ್ಯೆ ಬಂದಿತು. ರೊವೀನಾ ಸೂಜಿಮದ್ದಿನ ಚೀಟಿಗೆ ಸಹಿ ಹಾಕಿ ಅವಳ ಕೈಗಿಟ್ಟರು.