ಕೊನೆಯ ಹಗ್ಗ

ಗೇಣು, ಅಷ್ಟೇ, ಈಗ ಹಿಡಿಯಷ್ಟು, ಮತ್ತೆ ಗೇಣು — ಜೆಟ್ಟಿಗೂ ದೋಣಿಗೂ ನಡುವಿನ ನೀರು ಉಸಿರಾಡುವ ಹಾಗೆ ಅಗಲವಾಗುತ್ತದೆ, ಕಿರಿದಾಗುತ್ತದೆ, ಅದರ ಮೇಲೆ ಮೊಮ್ಮಗಳು ಮಾನಸಳ ಬರಿಗಾಲು ಹಾದುಹೋಗುತ್ತದೆ, ಆಚೆಗೆ, ಈಚೆಗೆ, ಅಂಗಳದಿಂದ ಜಗಲಿ ಹತ್ತುವಷ್ಟೇ ಸಲೀಸಾಗಿ, ಬಿದ್ದೀಯ ಕಣೇ ಎಂದು ಬೈರಮ್ಮ ಬಾಯಿ ತೆರೆಯುವಷ್ಟರಲ್ಲಿ ಕಾಲು ಆಚೆ ಇರುತ್ತದೆ. ಮಳೆಗಾಲವೆಲ್ಲ ಈ ಕೊಚ್ಚಿಯಲ್ಲಿ ಕಳೆದರೂ ಅವಳಿಗೆ ಮಾತ್ರ ದಾಟಲು ಅಳಿಯನ ಕೈ ಬೇಕು, ಬನ್ನಿ ಅತ್ತೆ, ನೀರು ನೋಡಬೇಡಿ, ನನ್ನ ಮುಖ ನೋಡಿ ಎನ್ನುತ್ತಾನೆ ಭೀಮರಾಜ್, ಅವನ ಮುಖದಲ್ಲಿ ನೋಡುವುದಕ್ಕೇನಿದೆ, ಗಡ್ಡ. ಇವತ್ತು ಕೊನೆಯ ಸಲ ದಾಟಿಸಿದ್ದೂ ಆಯಿತು, ಅವಳ ಚೀಲ, ಮಗುವಿನ ಬಟ್ಟೆಯ ಚೀಲ ಎರಡೂ ಜೆಟ್ಟಿಯ ಹಲಗೆಯ ಮೇಲೆ ಒಂದಕ್ಕೊಂದು ಒರಗಿ ಕೂತಿವೆ, ನೀರು ಇಳಿಯಲು ಶುರುವಾದೊಡನೆ ದೋಣಿ ಗೋವಾ ಕಡೆಗೆ, ಅಜ್ಜಿ ಮೊಮ್ಮಗಳು ಸಂಜೆಯ ರೈಲಿಗೆ, ಮಾನಸ ಅಜ್ಜಿಯ ಊರು ತಾಯಲೂರಿಗೆ ಬಂದು ಶಾಲೆ ಸೇರುತ್ತಾಳೆ — ಇದು ಬೈರಮ್ಮ ಹಟ ಹಿಡಿದು ಗೆದ್ದದ್ದು, ಗೆದ್ದ ಮೇಲೆ ಖುಷಿಯಾಗಬೇಕಲ್ಲ, ಆಗುತ್ತದೆ, ಊರು ಮುಟ್ಟಿದ ಮೇಲೆ ಆಗುತ್ತದೆ.

ಮಗಳು ಹಾಯಿದೋಣಿಯಲ್ಲಿ ಸಂಸಾರ ಹೂಡಿದ್ದಾಳೆ ಎಂದಾಗ ಊರ ಹೆಂಗಸರು ನಕ್ಕಿದ್ದರು, ಏಮಕ್ಕಾ, ನಿನ್ ಅನಿತಂಗೆ ನೆಲ ಸಾಕಾಗಲಿಲ್ವಾ — ಅಳಿಯ ಮಾಲೂರಿನ ಕಡೆಯವನು, ಬಾವಿಯಲ್ಲಿ ಈಜು ಕಲಿತು ನೌಕಾಪಡೆ ಸೇರಿದವನು, ಕೆಲಸ ಬಿಟ್ಟರೂ ನೀರಿನ ಹುಚ್ಚು ಬಿಡಲಿಲ್ಲ, ಹಳೆಯ ದೋಣಿ ಕೊಂಡು ಹೆಂಡತಿ ಮಗುವನ್ನು ಅದರಲ್ಲೇ ಕೂರಿಸಿಕೊಂಡ, ಮುಂಗಾರಿಗೆ ಮುಂಚೆ ಚುಕ್ಕಾಣಿ ಬಿರುಕು ಬಿಟ್ಟು ಈ ಮರೀನಾಕ್ಕೆ ಬಂದು ಕಟ್ಟಿಹಾಕಿಕೊಂಡ, ದೋಣಿಗಳ ಕೊಟ್ಟಿಗೆ ಇದು, ಸಾಲಾಗಿ ಕಟ್ಟಿದ ದನಗಳ ಹಾಗೆ ಹಗ್ಗ ಜಗ್ಗುತ್ತವೆ, ನಿಟ್ಟುಸಿರು ಬಿಡುತ್ತವೆ. ಬಾಮ್ಮ, ಇದ್ದು ನೋಡು ಎಂದಿದ್ದಳು ಅನಿತ ಫೋನಿನಲ್ಲಿ, ನೋಡಿದ ಮೇಲೂ ಮಗೂನ ಕರ್ಕೊಂಡ್ ಹೋಗ್ತೀನಿ ಅಂದ್ರೆ ಕರ್ಕೊಂಡ್ ಹೋಗು, ನಾನು ಅಡ್ಡ ಬರಲ್ಲ. ಇದ್ದು ನೋಡಿದಳು. ಒಲೆ ಉಯ್ಯಾಲೆಯ ಹಾಗೆ ತೂಗುತ್ತದೆ, ಅಲೆ ಬಂದರೆ ಸಾರು ಚೆಲ್ಲದಿರಲಿ ಅಂತ, ಸರಿ, ಆದರೆ ಮುದ್ದೆ ತಿರುವುವವಳು ಏನು ಮಾಡಬೇಕು, ಕೋಲು ಒತ್ತಿದರೆ ಒಲೆಯೇ ಆಚೆ ಹೋಗುತ್ತದೆ, ಪಾತ್ರೆಯ ಹಿಂದೆ ಅವಳು ತೂಗಿ, ಅವಳ ಹಿಂದೆ ದೋಣಿ ತೂಗಿ, ಆ ದಿನ ತಿಂದದ್ದು ಮುದ್ದೆಯಲ್ಲ, ಬರೀ ಗಂಟು, ಭೀಮರಾಜ್ ಬಂದು ಒಲೆಗೆ ಚಿಲಕ ಹಾಕಿ, ಈಗ ತಿರುವಿ ಅತ್ತೆ ಎಂದ. ಪಕ್ಕದ ದೋಣಿಯ ಬಿಳಿ ಮುದುಕ ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡ, ನುಂಗಯ್ಯಾ, ಹಲ್ಲಿಗೆ ಯಾಕೆ ಕೆಲಸ ಕೊಡ್ತೀಯ ಎಂದರೆ ತಲೆಯಾಡಿಸಿ ಮತ್ತೆ ಅಗಿದ. ಕುಡಿಯುವ ನೀರು ಜೆಟ್ಟಿಯ ನಲ್ಲಿಯಿಂದ, ಪೈಪು ಎಳೆದು ತರುವುದು ಮಾನಸ, ಪೈಪಿನ ಜೊತೆಗೂ ಅದೇ ಕಾಲು, ಕೆಳಗೆ ನೋಡದೆ, ಆ ಗೇಣು ನೀರಿನ ಮೇಲೆ.

ಮೊದಲ ಬೆಳಗ್ಗೆ — ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ — ಹಲ್ಲುಪುಡಿ ಅಂಗೈಯಲ್ಲಿ ಹಿಡಿದು ಮೇಲೆ ಬಂದು ನೋಡಿದರೆ ನೀರು ಇಳಿದುಹೋಗಿದೆ, ರಾತ್ರಿ ತುಂಬಿದ್ದದ್ದು ಕೆಳಗೆಲ್ಲೋ ಇದೆ, ಕಂಬಗಳ ಪಾಚಿ, ಚಿಪ್ಪು ಎಲ್ಲ ಬತ್ತಲೆ, ತೇಲುವ ಜೆಟ್ಟಿಯಿಂದ ದಡಕ್ಕೆ ಹತ್ತುವ ಹಲಗೆ ಟೇಕಲ್ ಬೆಟ್ಟದ ಹಾಗೆ ಕಡಿದಾಗಿದೆ. ಅವಳು ನೀರುಗಂಟಿ ಮುನಿರಾಮಪ್ಪನ ಹೆಂಡತಿ, ಕೆರೆ ಕಾಯ್ದು ಗದ್ದೆಗದ್ದೆಗೆ ನೀರು ಹಂಚಿದ ಮನೆಯವಳು, ನೀರು ಇಳಿದರೆ ಏರಿ ಸೋರಿರಬೇಕು, ಇಲ್ಲ ಯಾರೋ ಕಳ್ಳತನದಲ್ಲಿ ತೂಬು ಎತ್ತಿರಬೇಕು, ಬೇರೆ ಕಾರಣ ಅವಳ ಲೋಕದಲ್ಲಿಲ್ಲ — ಯಾರಯ್ಯಾ ತೂಬು ಎತ್ತಿದ್ದು, ಏಳ್ರಯ್ಯಾ, ಕೆರೆ ಖಾಲಿ ಆಗ್ತಾ ಐತೆ ಎಂದು ದೋಣಿಯ ತುದಿಯಲ್ಲಿ ನಿಂತು ಕೂಗಿದಳು, ಕಾವಲುಗಾರ ಓಡಿಬಂದ, ಅನಿತ ತಲೆ ಹಿಡಿದುಕೊಂಡಳು, ಮಾನಸ ಕಣ್ಣುಜ್ಜಿಕೊಂಡು ಬಂದು ಹೇಳಿದಳು, ತೂಬು ಇಲ್ಲ ಅಜ್ಜಿ, ಅದೇ ಹೋಗ್ತದೆ, ಅದೇ ಬರ್ತದೆ, ಮಧ್ಯಾಹ್ನ ನೋಡು. ನಂಬದೆ ಸೊಪ್ಪು ಬಿಡಿಸುತ್ತ ಕಂಬದ ಮೇಲೇ ಕಣ್ಣಿಟ್ಟು ಕೂತಳು, ಬಂತು, ಯಾರೂ ಕರೆಯದೆ, ಹನಿ ಮಳೆಯಿಲ್ಲದೆ, ಮೇವಿನಿಂದ ಮನೆಗೆ ಬರುವ ಎಮ್ಮೆಯ ಹಾಗೆ ನಿಧಾನವಾಗಿ, ಪಾಚಿ ಮುಚ್ಚಿತು, ಚಿಪ್ಪು ಮುಚ್ಚಿತು. ಮುನಿರಾಮಪ್ಪ ಇದನ್ನು ಕಾಣದೆ ಹೋದ, ಹೋದ ನೀರು ಹಿಂದೆ ನೋಡಲ್ಲ ಕಣೇ ಎನ್ನುತ್ತಿದ್ದ, ಅವನು ಕಂಡ ಕೆರೆಯೂ ಹಾಗೇ, ಅನಿತ ತೆವಳುವಾಗ ಒಣಗಿದ್ದು ಅವಳು ದೊಡ್ಡವಳಾದ ಮೇಲೆ ತುಂಬಿತು, ಬಿರುಕು ಬಿಟ್ಟ ಕೆರೆಯಂಗಳದಲ್ಲೇ ಅವಳು ನಡೆಯಲು ಕಲಿತದ್ದು, ಬಿರುಕಿನಿಂದ ಬಿರುಕಿಗೆ ಪುಟ್ಟ ಕಾಲು ಎತ್ತಿ ಇಡುತ್ತ — ಅದೇ ಕಾಲು, ತಾಯಿಯದೇ ಮಗಳಿಗೆ ಬಂದಿದೆ, ನೋಡಿದರೆ ಗೊತ್ತಾಗುತ್ತದೆ.

ಶಾಲೆ ಅಂದರೆ ಶಾಲೆ, ಗಂಟೆ ಹೊಡೆಯಬೇಕು, ಜಡೆ ಎಳೆಯುವವಳು ಒಬ್ಬಳಾದರೂ ಪಕ್ಕದಲ್ಲಿರಬೇಕು, ಬೈರಮ್ಮ ಅಕ್ಷರ ತಿದ್ದಿದ್ದು ಮಕ್ಕಳಾದ ಮೇಲೆ, ಲಾಟೀನಿನ ಬೆಳಕಿನಲ್ಲಿ, ಬಾಗಿಲಾಚೆ ನಿಂತು ಪಾಠ ಕೇಳುವ ಆಸೆ ಎಂಥದ್ದೆಂದು ಅವಳಿಗೆ ಗೊತ್ತು, ಮೊಮ್ಮಗಳಿಗೆ ಅದು ಬೇಡ. ಅನಿತ ದಿನಾ ಬೆಳಗ್ಗೆ ಮಡಿಸಿದ ಮೇಜು ಬಿಡಿಸಿ ಪಾಠ ಹೇಳುತ್ತಾಳೆ, ಮಗು ಓದುತ್ತದೆ, ಲೆಕ್ಕ ಮಾಡುತ್ತದೆ, ಸುಳ್ಳು ಹೇಳಬಾರದು, ಆದರೂ. ಆ ಆದರೂ ಗೆದ್ದಿತು. ಹೂಂ ಅಜ್ಜಿ ಎಂದಳು ಮಾನಸ, ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ನಿನ್ನೆ ಚೀಲಕ್ಕೆ ಬಟ್ಟೆ ತುಂಬುತ್ತ ಒಂದು ಮಾತು ಕೇಳಿದಳು, ಅಜ್ಜಿ, ತಾಯಲೂರು ಕೆರೇಲಿ ಈಗ ನೀರಿದ್ಯಾ. ಐತೆ ಕಣೇ. ಎಷ್ಟು ಹೊತ್ತಿಗೆ ಹೋಗ್ತದೆ. ಹಂಗೆಲ್ಲ ಹೋಗಲ್ಲ, ಹೋದ್ರೆ ಹೋಯ್ತು. ಮತ್ತೆ ಬರೋದು ಯಾವಾಗ. ಬೈರಮ್ಮ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು, ಮಗು ಅರ್ಧ ಮಡಿಸಿದ ಲಂಗ ಹಿಡಿದು ಅವಳನ್ನೇ ನೋಡಿತು, ಅಯ್ಯೋ ಪಾಪ ಎನ್ನುವ ಹಾಗೆ, ಕೆರೆಗೋ, ಅಜ್ಜಿಗೋ, ಆಮೇಲೆ ನೀರಿನ ಬಾಟಲಿ ತುಂಬಲು ಜೆಟ್ಟಿಗೆ ಹೋಯಿತು, ಕಾಲು, ಗೇಣು ನೀರು, ಕಾಲು.

ಎಂಜಿನ್ ಗುಡುಗುಡು ಎನ್ನುತ್ತಿದೆ, ಕಂಬದ ಮೇಲೆ ಒದ್ದೆ ಪಾಚಿ ಒಂದು ಬೆರಳಷ್ಟು ಕಂಡಿತು, ಇಳಿತ ಶುರು, ಅನಿತ ಮುಂದಿನ ಹಗ್ಗ ಸುತ್ತುತ್ತ ಬೆನ್ನು ಇತ್ತ ಮಾಡಿದ್ದಾಳೆ, ಅಳುವಾಗ ಅವಳು ಚಿಕ್ಕಂದಿನಿಂದ ಬೆನ್ನನ್ನೇ ತೋರಿಸುವುದು. ಕೊನೆಯ ಹಗ್ಗ ಮಾನಸಳದು, ಅದು ಅವಳ ಕೆಲಸ, ಬಿಚ್ಚು, ಎಸೆ, ಹಾರು ಎಂದು ಅಪ್ಪ ಕಲಿಸಿದ್ದಾನೆ, ಇವತ್ತು ಬಿಚ್ಚು, ಎಸೆ, ಅಷ್ಟೇ. ಬಿಚ್ಲಾ ಅಪ್ಪಾ. ಬಿಚ್ಚಮ್ಮಾ. ಅವನು ಅಂಗೈಯಿಂದ ಗಡ್ಡ ಒರೆಸಿಕೊಂಡ. ಬಿಚ್ಚಿದಳು, ಎಸೆದಳು, ಹಗ್ಗ ದೋಣಿಯ ಮೇಲೆ ಬಿತ್ತು, ಮಗು ಹಲಗೆಯ ಅಂಚಿನಲ್ಲಿ ನಿಂತಿದೆ, ಕಾಲ್ಬೆರಳುಗಳು ಅಂಚನ್ನು ಕಚ್ಚಿವೆ, ಹಿಮ್ಮಡಿ ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಅದಕ್ಕೆ ಹೇಳಿಕೊಟ್ಟವರಿಲ್ಲ ಇವತ್ತು ಹಾರಬಾರದು ಎಂದು — ಮಗುವಿನ ಮಣಿಕಟ್ಟು ಬೈರಮ್ಮನ ಕೈಯಲ್ಲಿದೆ, ಯಾವಾಗ ಹಿಡಿದಳೋ, ಬಿಗಿಯಾಗಿ, ಒಳಗೆ ನಾಡಿ ಮೀನಿನ ಹಾಗೆ ಮಿಡುಕುತ್ತಿದೆ, ಗೇಣು, ಗೇಣಿಗಿಂತ ಜಾಸ್ತಿ, ಮೊಳವಾದರೆ ಹಾರಲಾಗುವುದಿಲ್ಲ, ಈಗಲೇ, ತನ್ನ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವುದಿಲ್ಲ, ಒಂದೊಂದಾಗಿ ಬಿಚ್ಚಬೇಕು, ಹೋಗೇ ಎಂದಳೋ, ಎಂದದ್ದು ಕೇಳಿಸಿತೋ, ಹೋಗೇ ಬೇಗ, ಅಗಲ ಆಗ್ತಾ ಐತೆ, ಯುಗಾದಿಗೆ ಬರಬೇಕು ನೋಡು, ಬಟ್ಟೆ ನಾನು ಕಳಿಸ್ತೀನಿ — ಅಳಿಯ ಎರಡೂ ಕೈ ಚಾಚಿದ್ದಾನೆ, ಅನಿತ ತಿರುಗಿದ್ದಾಳೆ, ಅವಳ ಬಾಯಿ ಏನೋ ಹೇಳಲು ತೆರೆದಿದೆ, ಬೈರಮ್ಮನ ಕಣ್ಣು ಅತ್ತ ಹೋಗುವುದಿಲ್ಲ, ಅದು ಕಾಣುವುದು ಒಂದನ್ನೇ, ಬರಿಗಾಲು, ಒದ್ದೆ ಹಿಮ್ಮಡಿ, ಕೆಳಗೆ ನೀರು, ಆ ಕಾಲು, ಇನ್ನೂ ಮುಟ್ಟಿಲ್ಲ, ಗಾಳಿಯಲ್ಲಿ, ಆ ಕಾಲು —